ಹಿಮಹೊದಿಕೆಗಳ ವೃದ್ಧಿ ಮತ್ತು ಕ್ಷಯ: ಗಣಿತ ಮಾದರಿಗಳು ತಿಳಿಸುವುದೇನು?

ಭೂಮಿಯ ಮೇಲಿರುವ ಸಿಹಿನೀರಿನಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚಿನದು ನದಿಗಳಲ್ಲಾಗಲಿ ಸರೋವರಗಳಲ್ಲಾಗಲಿ ಇಲ್ಲ. ಅದು ಮಂಜುಗಡ್ಡೆಯ ರೂಪದಲ್ಲಿ ಸಂಚಿತವಾಗಿದೆ. ಇದರ ಬಹುಪಾಲು ದಕ್ಷಿಣ ಧ್ರುವವನ್ನು ಆವರಿಸಿರುವ ಅಂಟಾರ್ಕ್ಟಿಕ ಖಂಡದಲ್ಲಿಯೂ, ಉತ್ತರದ ಗ್ರೀನ್‌ಲ್ಯಾಂಡ್ ದ್ವೀಪದಲ್ಲಿಯೂ ಇದೆ. ಪರ್ವತದ ಕಣಿವೆಯಲ್ಲಿ ನಿಧಾನವಾಗಿ ಇಳಿದುಬರುವ ಮಂಜುಗಡ್ಡೆಯ ಪ್ರವಾಹಕ್ಕೆ ಹಿಮನದಿ ಎನ್ನುತ್ತಾರೆ. ಬೆಟ್ಟ ಕಣಿವೆಗಳನ್ನೆಲ್ಲ ಮುಚ್ಚಿ ಗುಮ್ಮಟದಂತೆ ನಿಂತ ಮಂಜುಗಡ್ಡೆಯ ರಾಶಿಯು 50,000 ಚದರ ಕಿಲೋಮೀಟರಿಗಿಂತ ಚಿಕ್ಕದಾಗಿದ್ದರೆ ಅದು ಹಿಮಟೊಪ್ಪಿಗೆ. ಅದಕ್ಕಿಂತ ದೊಡ್ಡದಾಗಿದ್ದರೆ ಹಿಮಹೊದಿಕೆ.

ಗ್ರೀನ್‌ಲ್ಯಾಂಡಿನ ಹಿಮಹೊದಿಕೆಯ ವಿಸ್ತಾರ ಸುಮಾರು 17 ಲಕ್ಷ ಚದರ ಕಿಲೋಮೀಟರ್. ಮಧ್ಯಭಾಗದಲ್ಲಿ ಅದರ ದಪ್ಪ 3 ಕಿಲೋಮೀಟರಿಗೂ ಹೆಚ್ಚು. ಅದು ಪೂರ್ಣವಾಗಿ ಕರಗಿದಲ್ಲಿ ಜಗತ್ತಿನ ಸಾಗರಗಳ ಮಟ್ಟವು ಸರಾಸರಿ 7 ಮೀಟರಿಗಿಂತ ಹೆಚ್ಚು ಏರುವುದು. ಆದುದರಿಂದ ಎರಡು ಪ್ರಶ್ನೆಗಳು ವಿಜ್ಞಾನಿಗಳ ಮುಂದಿವೆ. ಹವಾಗುಣವು ಬಿಸಿಯಾದಂತೆ ಈ ಮಂಜುಗಡ್ಡೆ ಎಷ್ಟು ವೇಗವಾಗಿ ಕುಗ್ಗುತ್ತದೆ ಎಂಬುದು ಮೊದಲನೆಯದು. ಮುಂದೆಂದಾದರೂ ಹವಾಗುಣವು ಮತ್ತೆ ತಂಪಾದರೆ ಕಳೆದುಹೋದ ಮಂಜುಗಡ್ಡೆ ತಾನಾಗಿ ಮರಳಿ ಬರುತ್ತದೆಯೇ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆ ಮೇಲ್ನೋಟಕ್ಕೆ ಸುಲಭವೆನಿಸಿದರೂ ಅದರ ಉತ್ತರವು ಸಾಮಾನ್ಯ ನಿರೀಕ್ಷೆಗೆ ವಿರುದ್ಧವಾಗಿದೆ.

ಇಂತಹ ಪ್ರಶ್ನೆಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ಸಾಧ್ಯವಿಲ್ಲ. ಗ್ರೀನ್‌ಲ್ಯಾಂಡ್ ಇರುವುದು ಒಂದೇ. ಅದರಲ್ಲಿ ನಡೆಯುವ ಬದಲಾವಣೆಗಳು ಸಾವಿರಾರು ವರ್ಷಗಳಷ್ಟು ದೀರ್ಘವಾದವು. ಈ ಕಾರಣದಿಂದ ಭೌತಶಾಸ್ತ್ರದ ನಿಯಮಗಳನ್ನು ಸಮೀಕರಣಗಳ ರೂಪದಲ್ಲಿ ಬರೆದು, ಗಣಕಯಂತ್ರದಲ್ಲಿ ಹಿಮಹೊದಿಕೆಯ ಪ್ರತಿರೂಪವೊಂದನ್ನು ನಿರ್ಮಿಸಲಾಗುತ್ತದೆ. ಇದನ್ನೇ ಗಣಿತ ಮಾದರಿ ಎಂದು ಕರೆಯುವುದು.

ಜಮಾ ಮತ್ತು ಖರ್ಚು

ಮಾದರಿಯ ಮೂಲತತ್ತ್ವವು ಮನೆಯ ಜಮಾ-ಖರ್ಚಿನ ಪುಸ್ತಕದಷ್ಟೇ ಸರಳವಾದುದು. ಎತ್ತರದ ಶೀತಪ್ರದೇಶದಲ್ಲಿ ಚಳಿಗಾಲದಲ್ಲಿ ಬಿದ್ದ ಹಿಮವೆಲ್ಲವೂ ಬೇಸಿಗೆಯಲ್ಲಿ ಕರಗುವುದಿಲ್ಲ. ಉಳಿದ ಹಿಮದ ಮೇಲೆ ಮರುವರ್ಷದ ಹಿಮ ಬೀಳುತ್ತದೆ. ಹೀಗೆ ಪದರದ ಮೇಲೆ ಪದರ ಸೇರಿದಂತೆ ಕೆಳಗಿನ ಹಿಮವು ಒತ್ತಡಕ್ಕೆ ಸಿಕ್ಕಿ, ಅದರೊಳಗಿನ ಗಾಳಿಯು ಸಣ್ಣ ಗುಳ್ಳೆಗಳಲ್ಲಿ ಬಂಧಿತವಾಗಿ, ಗಟ್ಟಿಯಾದ ಮಂಜುಗಡ್ಡೆಯಾಗಿ ಮಾರ್ಪಡುತ್ತದೆ. ಇದು ಜಮೆಯ ಭಾಗ.

ಖರ್ಚು ಎರಡು ಬಗೆಯದು. ಕೆಳಮಟ್ಟದ ಅಂಚುಗಳಲ್ಲಿ ಬೇಸಿಗೆಯ ಬಿಸಿಲಿಗೆ ಮಂಜುಗಡ್ಡೆ ಕರಗಿ ನೀರಾಗಿ ಹರಿದುಹೋಗುವುದು ಒಂದು. ಸಮುದ್ರಕ್ಕೆ ತಲುಪಿದ ಹಿಮನದಿಯ ತುದಿಯು ಮುರಿದು, ಹಿಮಬಂಡೆಗಳಾಗಿ ತೇಲಿಹೋಗುವುದು ಮತ್ತೊಂದು. ಯಾವ ಎತ್ತರದಲ್ಲಿ ವರ್ಷದ ಜಮೆಯೂ ಕರಗುವಿಕೆಯೂ ಸರಿಸಮವಾಗುತ್ತವೆಯೋ ಆ ಎತ್ತರವನ್ನು ಸಮತೋಲನ ರೇಖೆ ಎನ್ನುತ್ತಾರೆ. ಅದರ ಮೇಲ್ಭಾಗವು ಸಂಚಯ ವಲಯ. ಕೆಳಭಾಗವು ಕ್ಷಯ ವಲಯ.

ವಾತಾವರಣದಲ್ಲಿ ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 6 ರಿಂದ 7 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಮೈದಾನದ ಜನರು ಗಿರಿಧಾಮಗಳನ್ನು ಅರಸಿ ಹೋಗುವುದಕ್ಕೆ ಇದೇ ಕಾರಣ. ಇದರಿಂದ ಒಂದು ಸ್ಥೂಲ ನಿಯಮವನ್ನು ಪಡೆಯಬಹುದು: ಹವಾಗುಣವು 1 ಡಿಗ್ರಿ ಬಿಸಿಯಾದರೆ ಸಮತೋಲನ ರೇಖೆಯು ಸುಮಾರು 150 ಮೀಟರ್ ಮೇಲಕ್ಕೆ ಸರಿಯುತ್ತದೆ. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ಲೆಕ್ಕಕ್ಕೆ ಅದೇ ಕೀಲಿ.

ಹರಿಯುವ ಘನವಸ್ತು

ಸಂಚಯ ವಲಯದಲ್ಲಿ ಮಂಜುಗಡ್ಡೆ ಸೇರುತ್ತಲೇ ಹೋದರೂ ಅದು ಮಿತಿಯಿಲ್ಲದೆ ಎತ್ತರವಾಗುವುದಿಲ್ಲ. ಮಂಜುಗಡ್ಡೆಯು ಘನವಸ್ತುವಾದರೂ ಬಹುಕಾಲದ ಒತ್ತಡದ ಅಡಿಯಲ್ಲಿ ಗಟ್ಟಿ ಬೆಲ್ಲದ ಪಾಕದಂತೆ ಅತಿ ನಿಧಾನವಾಗಿ ಹರಿಯುತ್ತದೆ. ಸ್ವಂತ ಭಾರದಿಂದಲೇ ಅದು ಮಧ್ಯಭಾಗದಿಂದ ಅಂಚುಗಳ ಕಡೆಗೆ ಹರಡಿಕೊಂಡು, ಅಲ್ಲಿ ಕರಗಿದುದನ್ನು ತುಂಬಿಕೊಡುತ್ತದೆ.

ಈ ಹರಿವಿನ ನಿಯಮವನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ಗ್ಲೆನ್ ಅವರು 1950ರ ದಶಕದಲ್ಲಿ ಪ್ರಯೋಗಗಳ ಮೂಲಕ ನಿರೂಪಿಸಿದರು. ಮಂಜುಗಡ್ಡೆಯ ಮೇಲಿನ ಒತ್ತಡವು ಎರಡರಷ್ಟಾದರೆ ಅದು ವಿರೂಪಗೊಳ್ಳುವ ವೇಗವು ಎರಡರಷ್ಟಲ್ಲ, ಸುಮಾರು ಎಂಟರಷ್ಟಾಗುತ್ತದೆ. ಇದಲ್ಲದೆ, ಕರಗುವ ಹಂತಕ್ಕೆ ಸಮೀಪವಿರುವ ಮಂಜುಗಡ್ಡೆಯು ಅತಿ ಶೀತಲವಾದ ಮಂಜುಗಡ್ಡೆಗಿಂತ ಹಲವು ಪಟ್ಟು ಬೇಗ ಹರಿಯುತ್ತದೆ.

ಅದೇ ದಶಕದಲ್ಲಿ ಜಾನ್ ನೈ ಎಂಬ ಭೌತವಿಜ್ಞಾನಿಯು ಹಿಮಗುಮ್ಮಟದ ಆಕಾರವನ್ನು ಅಂದಾಜು ಮಾಡುವ ಸರಳ ಸೂತ್ರವನ್ನು ನೀಡಿದರು. ಆ ಸೂತ್ರದ ಪ್ರಕಾರ ಗುಮ್ಮಟದ ಎತ್ತರವು ಅದರ ಅರ್ಧ ಅಗಲದ ವರ್ಗಮೂಲವನ್ನು ಅನುಸರಿಸುತ್ತದೆ. ಮಧ್ಯದಿಂದ ಅಂಚಿಗೆ 100 ಕಿಲೋಮೀಟರ್ ಇರುವ ಗುಮ್ಮಟದ ಎತ್ತರ ಸುಮಾರು 1,500 ಮೀಟರ್. 400 ಕಿಲೋಮೀಟರ್ ಇದ್ದರೆ ಸುಮಾರು 3,000 ಮೀಟರ್. ಅಗಲವು ನಾಲ್ಕು ಪಟ್ಟು ಹೆಚ್ಚಿದರೂ ಎತ್ತರ ಹೆಚ್ಚುವುದು ಎರಡೇ ಪಟ್ಟು. ಗ್ರೀನ್‌ಲ್ಯಾಂಡಿನ ನೈಜ ದಪ್ಪಕ್ಕೆ ಈ ಅಂದಾಜು ಸಮೀಪವಾಗಿರುವುದು ಸೂತ್ರದ ಯಶಸ್ಸಿಗೆ ಸಾಕ್ಷಿ.

ಮಾದರಿಯ ರಚನೆ

ಇಂದಿನ ಮಾದರಿಗಳು ಹಿಮಹೊದಿಕೆಯನ್ನು ಚದುರಂಗದ ಹಾಸಿನಂತೆ ಅನೇಕ ಚೌಕಗಳಾಗಿ ವಿಭಾಗಿಸುತ್ತವೆ. ಪ್ರತಿ ಚೌಕದಲ್ಲಿ ನೆಲದ ಎತ್ತರ, ಮಂಜುಗಡ್ಡೆಯ ದಪ್ಪ ಮತ್ತು ಒಳಗಿನ ಉಷ್ಣತೆಗಳನ್ನು ನಮೂದಿಸಲಾಗುತ್ತದೆ. ಅನಂತರ ಗಣಕಯಂತ್ರವು ಒಂದೊಂದು ಚೌಕಕ್ಕೂ ಮೂರು ಲೆಕ್ಕಗಳನ್ನು ಮಾಡುತ್ತದೆ: ಈ ಅವಧಿಯಲ್ಲಿ ಎಷ್ಟು ಹಿಮ ಬಿದ್ದಿತು, ಎಷ್ಟು ಕರಗಿತು, ನೆರೆಯ ಚೌಕಗಳಿಂದ ಎಷ್ಟು ಹರಿದುಬಂದು ಎಷ್ಟು ಹೊರಹೋಯಿತು. ಇವುಗಳ ಮೊತ್ತದಿಂದ ಹೊಸ ದಪ್ಪವು ದೊರೆಯುತ್ತದೆ. ಹೊಸ ದಪ್ಪದಿಂದ ಹೊಸ ಎತ್ತರ, ಹೊಸ ಎತ್ತರದಿಂದ ಹೊಸ ಉಷ್ಣತೆ, ಅದರಿಂದ ಮುಂದಿನ ಅವಧಿಯ ಕರಗುವಿಕೆ. ಹೀಗೆ ಹೆಜ್ಜೆಹೆಜ್ಜೆಯಾಗಿ ಸಾವಿರಾರು ವರ್ಷಗಳ ಇತಿಹಾಸವನ್ನು ಲೆಕ್ಕ ಹಾಕಲಾಗುತ್ತದೆ.

ನೆಲದ ಚಲನೆಯನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಮಂಜುಗಡ್ಡೆಯ ಭಾರಕ್ಕೆ ಭೂಮಿಯ ಚಿಪ್ಪು ಕೆಳಗೆ ಬಾಗುತ್ತದೆ. ಬಹುಕಾಲ ನಿಂತ ಹಿಮಹೊದಿಕೆಯ ಅಡಿಯಲ್ಲಿ ಅದು ಮಂಜುಗಡ್ಡೆಯ ದಪ್ಪದ ಸರಿಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಸಿಯುತ್ತದೆ. ಭಾರವು ಇಳಿದ ಮೇಲೆ ನೆಲವು ಮೇಲೇಳಲು ಸಾವಿರಾರು ವರ್ಷಗಳು ಬೇಕು.

ಎತ್ತರವೇ ಆಧಾರ

ಒಂದು ಕಲ್ಪಿತ ಉದಾಹರಣೆಯ ಮೂಲಕ ಮಾದರಿಗಳ ಮುಖ್ಯ ಪಾಠವನ್ನು ಗ್ರಹಿಸಬಹುದು. ಸಮುದ್ರಮಟ್ಟದಿಂದ 200 ಮೀಟರ್ ಎತ್ತರದಲ್ಲಿರುವ ಸಮತಟ್ಟಾದ ದ್ವೀಪವೊಂದಿದೆಯೆಂದೂ, ಅಲ್ಲಿಯ ಸಮತೋಲನ ರೇಖೆ 1,000 ಮೀಟರಿನಲ್ಲಿದೆಯೆಂದೂ ಭಾವಿಸೋಣ. ನೆಲವು ಕುಸಿಯುವುದನ್ನು ಸದ್ಯಕ್ಕೆ ಬಿಟ್ಟುಬಿಡೋಣ.

ದ್ವೀಪವು ಬರಿದಾಗಿದ್ದರೆ ಅದರ ನೆಲವೆಲ್ಲವೂ ರೇಖೆಯ ಕೆಳಗಿರುವುದರಿಂದ ಚಳಿಗಾಲದ ಹಿಮವು ಪ್ರತಿ ಬೇಸಿಗೆಯಲ್ಲಿಯೂ ಕರಗಿಹೋಗುತ್ತದೆ. ಅಲ್ಲಿ ಮಂಜುಗಡ್ಡೆ ನಿಲ್ಲುವುದಿಲ್ಲ. ಆದರೆ ಅದೇ ದ್ವೀಪದ ಮೇಲೆ ಹಿಂದಿನ ಶೀತಯುಗದಿಂದ ಉಳಿದುಬಂದ 1,500 ಮೀಟರ್ ದಪ್ಪದ ಗುಮ್ಮಟವಿದ್ದರೆ ಅದರ ಶಿಖರವು 1,700 ಮೀಟರ್ ಎತ್ತರದಲ್ಲಿ, ರೇಖೆಗಿಂತ ಬಹಳ ಮೇಲೆ ಇರುತ್ತದೆ. ಅಲ್ಲಿ ಸಂಚಯವು ನಡೆದು, ಮಂಜುಗಡ್ಡೆಯು ಅಂಚುಗಳಿಗೆ ಹರಿದು, ಗುಮ್ಮಟವು ಉಳಿದುಕೊಳ್ಳುತ್ತದೆ. ಹವಾಗುಣವು ಒಂದೇ, ಸಾಧ್ಯವಾದ ಸ್ಥಿತಿಗಳು ಎರಡು. ಗುಮ್ಮಟವು ನಿಂತಿರುವುದು ತಾನೇ ಕಟ್ಟಿಕೊಂಡ ಎತ್ತರದ ಬಲದಿಂದ.

ಈಗ ಹವಾಗುಣವು 3 ಡಿಗ್ರಿ ಬಿಸಿಯಾಯಿತೆನ್ನೋಣ. ಸಮತೋಲನ ರೇಖೆಯು 450 ಮೀಟರ್ ಏರಿ 1,450 ಮೀಟರಿಗೆ ಬರುತ್ತದೆ. ಗುಮ್ಮಟದ ತುದಿಯ ಸಣ್ಣ ಭಾಗ ಮಾತ್ರ ಸಂಚಯ ವಲಯದಲ್ಲಿ ಉಳಿಯುತ್ತದೆ. ಖರ್ಚು ಜಮೆಯನ್ನು ಮೀರುತ್ತದೆ. ಮೇಲ್ಮೈ ತಗ್ಗುತ್ತದೆ. ತಗ್ಗಿದ ಮೇಲ್ಮೈಯು ಇನ್ನಷ್ಟು ಬೆಚ್ಚನೆಯ ಗಾಳಿಗೆ ಒಡ್ಡಿಕೊಳ್ಳುವುದರಿಂದ ಕರಗುವಿಕೆಯು ಮತ್ತಷ್ಟು ಹೆಚ್ಚುತ್ತದೆ. ಕ್ಷಯವೇ ಕ್ಷಯವನ್ನು ಪೋಷಿಸುವ ಈ ಚಕ್ರದಲ್ಲಿ ಗುಮ್ಮಟವು ಕೊನೆಗೆ ಇಲ್ಲವಾಗುತ್ತದೆ.

ಆಮೇಲೆ ಹವಾಗುಣವು ಮೊದಲಿನಂತೆಯೇ 3 ಡಿಗ್ರಿ ತಂಪಾದರೂ ರೇಖೆಯು 1,000 ಮೀಟರಿಗೆ ಮರಳುತ್ತದೆಯೇ ಹೊರತು ಗುಮ್ಮಟವು ಮರಳುವುದಿಲ್ಲ. ನೆಲವಿರುವುದು 200 ಮೀಟರಿನಲ್ಲಿ. ಹೊಸ ಮಂಜುಗಡ್ಡೆಯು ಮೊಳೆಯಬೇಕಾದರೆ ರೇಖೆಯು ಇನ್ನೂ 800 ಮೀಟರ್ ಇಳಿಯಬೇಕು. ಅಂದರೆ 5 ಡಿಗ್ರಿಗಿಂತಲೂ ಹೆಚ್ಚಿನ ತಂಪು ಬೇಕು. ಹೋದ ದಾರಿಯಲ್ಲಿಯೇ ಹಿಂದಿರುಗಲು ಆಗದ ಈ ಗುಣವೇ ಹಿಮಹೊದಿಕೆಗಳ ವಿಶೇಷ ಲಕ್ಷಣ. ಅಮೆರಿಕದ ಜೊಹಾನೆಸ್ ವೀರ್ಟ್‌ಮನ್ ಅವರು 1961ರಲ್ಲಿಯೇ ಹಿಮಯುಗದ ಹಿಮಹೊದಿಕೆಗಳ ಸ್ಥಿರತೆಯನ್ನು ಕುರಿತು ಇಂತಹ ವಿಶ್ಲೇಷಣೆಯನ್ನು ಪ್ರಕಟಿಸಿದ್ದರು.

ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ಐಸ್‌ಲ್ಯಾಂಡ್ ದೇಶದ ವಾಟ್ನಯೋಕುಲ್ ಎಂಬ ಹಿಮಟೊಪ್ಪಿಗೆಯು ಸುಮಾರು 7,700 ಚದರ ಕಿಲೋಮೀಟರ್ ವಿಸ್ತಾರವಾದುದು. ರೇಡಿಯೋ ಅಲೆಗಳನ್ನು ಮಂಜುಗಡ್ಡೆಯೊಳಗೆ ಕಳುಹಿಸಿ ಅದರ ಅಡಿಯ ನೆಲವನ್ನು ಅಳೆದಾಗ, ಆ ನೆಲದ ಸಣ್ಣ ಪಾಲು ಮಾತ್ರ ಇಂದಿನ ಸಮತೋಲನ ರೇಖೆಗಿಂತ ಎತ್ತರದಲ್ಲಿರುವುದು ತಿಳಿದುಬಂದಿತು. ಅಲ್ಲಿಯ ಮಂಜುಗಡ್ಡೆಯನ್ನು ಒಮ್ಮೆ ತೆಗೆದುಹಾಕಿದರೆ ಇಂದಿನ ಹವಾಗುಣದಲ್ಲಿ ಅದರ ಬಹುಭಾಗವು ಮತ್ತೆ ಬೆಳೆಯಲಾರದು.

ಎತ್ತರದ ಜೊತೆಗೆ ಬಣ್ಣವೂ ಪಾತ್ರ ವಹಿಸುತ್ತದೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡ 80ಕ್ಕೂ ಹೆಚ್ಚಿನ ಭಾಗವನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಹಿಮವು ಕರಗಿ, ಅಡಿಯ ಮಾಸಿದ ಮಂಜುಗಡ್ಡೆ ಬಯಲಾದಾಗ ಬಿಸಿಲಿನ ಅರ್ಧಕ್ಕಿಂತ ಹೆಚ್ಚು ಭಾಗವು ಅದರಲ್ಲಿಯೇ ಹೀರಲ್ಪಡುತ್ತದೆ. ಇದೂ ಕ್ಷಯವನ್ನು ತ್ವರಿತಗೊಳಿಸುವ ಕಾರಣವೇ.

ಗತಕಾಲದ ಸಾಕ್ಷ್ಯ

ಮಾದರಿಯೊಂದನ್ನು ಭವಿಷ್ಯಕ್ಕೆ ಅನ್ವಯಿಸುವ ಮೊದಲು ಅದು ಗತಕಾಲವನ್ನು ಸರಿಯಾಗಿ ವಿವರಿಸಬಲ್ಲದೇ ಎಂದು ಪರೀಕ್ಷಿಸಲಾಗುತ್ತದೆ. ಸುಮಾರು 20,000 ವರ್ಷಗಳ ಹಿಂದೆ ಕೆನಡದ ಬಹುಭಾಗವನ್ನೂ ಉತ್ತರ ಯೂರೋಪನ್ನೂ ಹಿಮಹೊದಿಕೆಗಳು ಮುಚ್ಚಿದ್ದವು; ಸಾಗರಮಟ್ಟವು ಇಂದಿಗಿಂತ ಸುಮಾರು 120 ಮೀಟರ್ ತಗ್ಗಿತ್ತು. ಸರ್ಬಿಯದ ಗಣಿತಜ್ಞ ಮಿಲುಟಿನ್ ಮಿಲಾಂಕೋವಿಚ್ ಅವರು ಭೂಮಿಯ ಕಕ್ಷೆಯಲ್ಲಿಯೂ ಅಕ್ಷದ ಓಲುವಿಕೆಯಲ್ಲಿಯೂ ಆಗುವ ನಿಧಾನವಾದ ಬದಲಾವಣೆಗಳಿಂದ ಉತ್ತರದ ಬೇಸಿಗೆಯ ಬಿಸಿಲು ಹೆಚ್ಚು ಕಡಿಮೆಯಾಗುವುದೇ ಹಿಮಯುಗಗಳ ಪ್ರೇರಕವೆಂದು ಲೆಕ್ಕ ಹಾಕಿದ್ದರು. ಅವರ ಮುಖ್ಯ ಗ್ರಂಥವು ಪ್ರಕಟವಾದುದು 1941ರಲ್ಲಿ.

ಆದರೆ ಬಿಸಿಲಿನ ಏರಿಳಿತವು ಸಮವಾಗಿದ್ದರೂ ಮಂಜುಗಡ್ಡೆಯ ಏರಿಳಿತವು ಸಮವಾಗಿರಲಿಲ್ಲ. ಕೊನೆಯ ಹಿಮಯುಗದ ಹಿಮಹೊದಿಕೆಗಳು ಬೆಳೆಯಲು ಸುಮಾರು 90,000 ವರ್ಷಗಳು ಬೇಕಾದವು. ಉತ್ತರ ಅಮೆರಿಕದ ಮಹಾ ಹಿಮಹೊದಿಕೆಯು ಅಳಿಯಲು ಹೆಚ್ಚುಕಡಿಮೆ 13,000 ವರ್ಷಗಳು ಸಾಕಾದವು. ಮಾದರಿಗಳು ಇದಕ್ಕೆ ಕಾರಣವನ್ನು ತೋರಿಸಿಕೊಟ್ಟಿವೆ. ಬೆಳವಣಿಗೆಯು ಬೀಳುವ ಹಿಮದ ಪ್ರಮಾಣವನ್ನು ಮೀರಿ ನಡೆಯಲಾರದು. ಶೀತಪ್ರದೇಶದಲ್ಲಿ ಹಿಮಪಾತವೂ ಅಲ್ಪವೇ. ಕರಗುವಿಕೆಗೆ ಅಂತಹ ಕಟ್ಟುಪಾಡಿಲ್ಲ. ಮೇಲಾಗಿ ದೊಡ್ಡ ಹಿಮಹೊದಿಕೆಯು ತನ್ನ ಭಾರದಿಂದ ನೆಲವನ್ನು ಕುಸಿಯುವಂತೆ ಮಾಡಿರುತ್ತದೆ. ಕರಗುವಿಕೆ ಆರಂಭವಾದಾಗ ನೆಲವು ಅಷ್ಟೇ ಬೇಗ ಮೇಲೇಳದಿರುವುದರಿಂದ ಮಂಜುಗಡ್ಡೆಯ ಮೇಲ್ಮೈ ತಗ್ಗಿನಲ್ಲಿಯೇ ಉಳಿದು ಬೇಗ ನಾಶವಾಗುತ್ತದೆ. ಕಟ್ಟುವುದು ನಿಧಾನ, ಕೆಡವುವುದು ಶೀಘ್ರ ಎಂಬ ಲೋಕಾನುಭವವು ಇಲ್ಲಿಯೂ ನಿಜವಾಗಿದೆ.

ಗ್ರೀನ್‌ಲ್ಯಾಂಡಿನದೇ ಒಂದು ಸಾಕ್ಷ್ಯ ಇನ್ನೂ ಸ್ವಾರಸ್ಯಕರವಾದುದು. ವಾಯವ್ಯ ಭಾಗದ ಕ್ಯಾಂಪ್ ಸೆಂಚುರಿ ಎಂಬ ಅಮೆರಿಕದ ಸೈನಿಕ ನೆಲೆಯಲ್ಲಿ 1966ರಲ್ಲಿ ಮಂಜುಗಡ್ಡೆಯನ್ನು 1.3 ಕಿಲೋಮೀಟರಿಗಿಂತ ಆಳಕ್ಕೆ ಕೊರೆದು, ತಳದ ಹೆಪ್ಪುಗಟ್ಟಿದ ಮಣ್ಣನ್ನೂ ಮೇಲಕ್ಕೆ ತರಲಾಗಿತ್ತು. ದಶಕಗಳ ಕಾಲ ಮರೆತುಹೋಗಿದ್ದ ಆ ಮಣ್ಣಿನ ಮಾದರಿಗಳು 2017ರಲ್ಲಿ ಡೆನ್ಮಾರ್ಕಿನ ಶೀತಲ ಉಗ್ರಾಣದಲ್ಲಿ ದೊರೆತವು. ಅವುಗಳಲ್ಲಿ ಹಾವಸೆ, ಎಲೆ ಮತ್ತು ಕಡ್ಡಿಗಳ ಅವಶೇಷಗಳಿದ್ದವು. ಸುಮಾರು 4 ಲಕ್ಷ ವರ್ಷಗಳ ಹಿಂದಿನ ಬೆಚ್ಚನೆಯ ಕಾಲಾವಧಿಯಲ್ಲಿ ಆ ಸ್ಥಳವು ಮಂಜುಗಡ್ಡೆಯಿಂದ ಮುಕ್ತವಾಗಿತ್ತೆಂದು 2023ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯು ಶಾಶ್ವತವಾದುದೆಂಬ ಭಾವನೆಗೆ ಇದು ತಕ್ಕ ಉತ್ತರ.

ಗ್ರೀನ್‌ಲ್ಯಾಂಡಿನ ಇಂದು ಮತ್ತು ನಾಳೆ

ಉಪಗ್ರಹಗಳ ಮಾಪನದಂತೆ 1992 ರಿಂದ 2020ರ ಅವಧಿಯಲ್ಲಿ ಗ್ರೀನ್‌ಲ್ಯಾಂಡ್ ಸುಮಾರು 4,900 ಶತಕೋಟಿ ಟನ್ ಮಂಜುಗಡ್ಡೆಯನ್ನು ಕಳೆದುಕೊಂಡಿದೆ. ಒಂದು ಶತಕೋಟಿ ಎಂದರೆ ನೂರು ಕೋಟಿ. ಸಾಗರಗಳ ವಿಸ್ತಾರ ಸುಮಾರು 36 ಕೋಟಿ ಚದರ ಕಿಲೋಮೀಟರ್ ಆದುದರಿಂದ, ಅವುಗಳ ಮಟ್ಟವನ್ನು 1 ಮಿಲಿಮೀಟರ್ ಏರಿಸಲು 360 ಶತಕೋಟಿ ಟನ್ ನೀರು ಬೇಕು. ಈ ಲೆಕ್ಕದಂತೆ ಮೇಲಿನ ನಷ್ಟವು ಸಾಗರಮಟ್ಟವನ್ನು ಸುಮಾರು 13.5 ಮಿಲಿಮೀಟರ್ ಏರಿಸಿದೆ. 2012ರ ಜುಲೈ ತಿಂಗಳಿನಲ್ಲಿ ಕೆಲವು ದಿನಗಳ ಕಾಲ ಹಿಮಹೊದಿಕೆಯ ಬಹುತೇಕ ಸಂಪೂರ್ಣ ಮೇಲ್ಮೈಯಲ್ಲಿ ಕರಗುವಿಕೆ ಕಂಡುಬಂದಿತು. 2021ರ ಆಗಸ್ಟ್ 14ರಂದು 3,200 ಮೀಟರಿಗಿಂತ ಎತ್ತರದ ಶಿಖರ ಕೇಂದ್ರದಲ್ಲಿ ಮಳೆ ಬಿದ್ದಿತು.

ಯಾವ ಉಷ್ಣತೆಯನ್ನು ದಾಟಿದರೆ ಈ ಹಿಮಹೊದಿಕೆಯು ಹಿಂದಿರುಗಲಾರದ ಹಾದಿಯನ್ನು ಹಿಡಿಯುತ್ತದೆ? 2012ರಲ್ಲಿ ಪ್ರಕಟವಾದ ಮಾದರಿ ಅಧ್ಯಯನವೊಂದು, ಕೈಗಾರಿಕಾ ಯುಗಕ್ಕೆ ಹಿಂದಿನ ಸರಾಸರಿಗಿಂತ 0.8 ರಿಂದ 3.2 ಡಿಗ್ರಿಯೊಳಗೆ ಈ ಮಿತಿ ಇದೆಯೆಂದೂ, 1.6 ಡಿಗ್ರಿಯು ಅತ್ಯಂತ ಸಂಭಾವ್ಯವೆಂದೂ ಅಂದಾಜು ಮಾಡಿತು. ಅದಕ್ಕೂ ಹಿಂದಿನ ಅಂದಾಜುಗಳಲ್ಲಿ ಈ ಮಿತಿಯು 3 ಡಿಗ್ರಿಯ ಆಸುಪಾಸಿನಲ್ಲಿತ್ತು.

ಮಿತಿಯನ್ನು ದಾಟಿದ ಮಾತ್ರಕ್ಕೆ ಮಂಜುಗಡ್ಡೆಯು ತಕ್ಷಣ ಕುಸಿಯುವುದಿಲ್ಲ. ಅದೇ ಅಧ್ಯಯನದ ಪ್ರಕಾರ 2 ಡಿಗ್ರಿಯ ಏರಿಕೆಯಲ್ಲಿ ಪೂರ್ಣ ಕ್ಷಯಕ್ಕೆ ಸುಮಾರು 50,000 ವರ್ಷಗಳು ಬೇಕಾದರೆ, 8 ಡಿಗ್ರಿಯ ಏರಿಕೆಯಲ್ಲಿ 2,000 ವರ್ಷಗಳು ಸಾಕು. 2023ರ ಮತ್ತೊಂದು ಅಧ್ಯಯನವು ಭರವಸೆಯ ಅಂಶವೊಂದನ್ನು ಸೇರಿಸಿದೆ. ಮಿತಿಯನ್ನು ಸ್ವಲ್ಪಕಾಲ ದಾಟಿದರೂ, ಕೆಲವು ಶತಮಾನಗಳೊಳಗೆ ಉಷ್ಣತೆಯನ್ನು ಸಾಕಷ್ಟು ಇಳಿಸಿದಲ್ಲಿ ಹಿಮಹೊದಿಕೆಯನ್ನು ಉಳಿಸಿಕೊಳ್ಳುವ ಸಾಧ್ಯತೆಯಿದೆ. ಏಕೆಂದರೆ ಮೇಲ್ಮೈ ಇನ್ನೂ ಎತ್ತರದಲ್ಲಿಯೇ ಇರುತ್ತದೆ. ಎತ್ತರವು ಕಳೆದುಹೋದ ಮೇಲೆ ಆ ಅವಕಾಶವಿಲ್ಲ. ಹೀಗಾಗಿ ಎಷ್ಟು ಬಿಸಿಯಾಗುತ್ತದೆ ಎಂಬುದರಷ್ಟೇ ಎಷ್ಟು ಕಾಲ ಬಿಸಿಯಾಗಿರುತ್ತದೆ ಎಂಬುದೂ ನಿರ್ಣಾಯಕವಾದುದು.

ಮಾದರಿಗಳ ಇತಿಮಿತಿ

ಮಾದರಿಯು ಪಂಚಾಂಗವಲ್ಲ, ಗ್ರಹಣದ ದಿನವನ್ನು ಹೇಳಿದಂತೆ ಅದು ಹಿಮಹೊದಿಕೆಯ ಭವಿಷ್ಯವನ್ನು ನಿಖರವಾಗಿ ಹೇಳಲಾರದು. ಮಂಜುಗಡ್ಡೆಯ ಅಡಿಯ ನೆಲದ ಸ್ವರೂಪವು ಎಲ್ಲೆಡೆಯೂ ಸ್ಪಷ್ಟವಾಗಿ ತಿಳಿದಿಲ್ಲ. ಕರಗಿದ ನೀರು ಬಿರುಕುಗಳ ಮೂಲಕ ತಳಕ್ಕಿಳಿದು ಮಂಜುಗಡ್ಡೆಯು ಜಾರುವಂತೆ ಮಾಡುವ ಬಗೆಯನ್ನು ಸಮೀಕರಣಗಳಲ್ಲಿ ಹಿಡಿದಿಡುವುದು ಕಷ್ಟ. ಸಮುದ್ರದ ಬೆಚ್ಚನೆಯ ನೀರು ಹಿಮನದಿಗಳ ತುದಿಯನ್ನು ಕೊರೆಯುವ ಪರಿಯೂ ಅಷ್ಟೇ ಜಟಿಲ. ಅಂಟಾರ್ಕ್ಟಿಕದಲ್ಲಿ ಮೇಲ್ಮೈಯ ಕರಗುವಿಕೆಗಿಂತ ಸಮುದ್ರದ ಪ್ರಭಾವವೇ ಪ್ರಧಾನವಾಗಿರುವುದರಿಂದ ಅನಿಶ್ಚಯವು ಅಲ್ಲಿ ಇನ್ನೂ ಅಧಿಕ.

ಈ ದೋಷಗಳನ್ನು ಅರಿಯಲೆಂದೇ ವಿವಿಧ ದೇಶಗಳ ತಂಡಗಳು ಒಂದೇ ಸಮಸ್ಯೆಯನ್ನು ತಮ್ಮ ತಮ್ಮ ಮಾದರಿಗಳಿಗೆ ಒಡ್ಡಿ, ಉತ್ತರಗಳನ್ನು ಹೋಲಿಸಿ ನೋಡುವ ಪದ್ಧತಿಯು 1990ರ ದಶಕದಿಂದ ರೂಢಿಗೆ ಬಂದಿದೆ. ಹವಾಗುಣ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯು 2021ರ ವರದಿಯಲ್ಲಿ ಒಂದೇ ಅಂಕಿಯ ಬದಲು ವ್ಯಾಪ್ತಿಯನ್ನು ನೀಡಿರುವುದು ಇದೇ ಕಾರಣಕ್ಕೆ. ಅದರ ಪ್ರಕಾರ 2100ರ ವೇಳೆಗೆ ಗ್ರೀನ್‌ಲ್ಯಾಂಡ್ ಒಂದರಿಂದಲೇ ಆಗುವ ಸಾಗರಮಟ್ಟದ ಏರಿಕೆಯು, ಇಂಗಾಲದ ಹೊರಸೂಸುವಿಕೆಯನ್ನು ಬಲವಾಗಿ ತಗ್ಗಿಸಿದಲ್ಲಿ 1 ರಿಂದ 10 ಸೆಂಟಿಮೀಟರ್. ಅದು ಬಹಳವಾಗಿ ಹೆಚ್ಚಿದಲ್ಲಿ 9 ರಿಂದ 18 ಸೆಂಟಿಮೀಟರ್.

ಭಾರತಕ್ಕೆ ಇದರ ಸಂಬಂಧ

ಗ್ರೀನ್‌ಲ್ಯಾಂಡ್ ದೂರದ ನಾಡು. ಆದರೂ ಅಲ್ಲಿ ಕರಗಿದ ನೀರು ಅಲ್ಲಿಯೇ ನಿಲ್ಲುವುದಿಲ್ಲ. ಅಷ್ಟೇ ಅಲ್ಲದೆ, ಅಗಾಧವಾದ ಮಂಜುಗಡ್ಡೆಯ ರಾಶಿಯು ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನೆಡೆಗೆ ಸೆಳೆದುಕೊಂಡಿರುತ್ತದೆ. ರಾಶಿಯು ಕುಗ್ಗಿದಾಗ ಆ ಸೆಳೆತವು ಸಡಿಲಗೊಂಡು ಗ್ರೀನ್‌ಲ್ಯಾಂಡಿನ ಸಮೀಪದ ಸಮುದ್ರಮಟ್ಟವು ಇಳಿಯುತ್ತದೆ. ದೂರದ ಉಷ್ಣವಲಯದ ಸಾಗರಗಳಲ್ಲಿ ಏರಿಕೆಯು ಸರಾಸರಿಯಷ್ಟೋ ಅದಕ್ಕಿಂತ ತುಸು ಹೆಚ್ಚಾಗಿಯೋ ಇರುತ್ತದೆ. ಆದುದರಿಂದ ದೂರದಲ್ಲಿರುವುದು ರಕ್ಷಣೆಯಾಗಲಾರದು.

1901 ರಿಂದ 2018ರವರೆಗೆ ಜಗತ್ತಿನ ಸಾಗರಮಟ್ಟವು ಸರಾಸರಿ 20 ಸೆಂಟಿಮೀಟರ್ ಏರಿದೆ. ಬಿಸಿಯಾದ ಸಮುದ್ರದ ನೀರು ಹಿಗ್ಗಿದುದೂ ಇದರಲ್ಲಿ ಸೇರಿದೆ. ಈ ಅಂಕಿ ಅಲ್ಪವೆನಿಸಬಹುದು. ಆದರೆ ಮುಂಬಯಿಯ ನಿವಾಸಿಗಳಿಗೆ ಸಮುದ್ರದ ಉಬ್ಬರವೂ ಭಾರಿ ಮಳೆಯೂ ಒಟ್ಟಿಗೆ ಬಂದ ದಿನ ಚರಂಡಿಗಳ ನೀರು ಸಮುದ್ರಕ್ಕೆ ಸೇರಲಾರದೆ ರಸ್ತೆಯಲ್ಲಿ ನಿಲ್ಲುವುದು ಅನುಭವಸಿದ್ಧವಾದ ವಿಷಯ. ಅಂತಹ ದಿನ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸವೂ ಗಣನೀಯ. ಬಂದರು, ಸೇತುವೆ, ಚರಂಡಿ ಮತ್ತು ವಸತಿಗಳು ಅನೇಕ ದಶಕಗಳಿಗಾಗಿ ಕಟ್ಟುವಂಥವು. ಮುಂಬಯಿ, ಚೆನ್ನೈ ಮೊದಲಾದ ಕರಾವಳಿ ನಗರಗಳಲ್ಲಿ ಅವುಗಳ ಎತ್ತರವನ್ನು ನಿಗದಿಪಡಿಸುವವರಿಗೆ ಹಿಮಹೊದಿಕೆಯ ಮಾದರಿಯು ನೀಡುವ ಅಂಕಿಯು ಅತ್ಯಗತ್ಯವಾದ ಆಧಾರ.

ಇದೇ ಜಮಾ-ಖರ್ಚಿನ ತತ್ತ್ವವು ಹಿಮಾಲಯಕ್ಕೂ ಅನ್ವಯಿಸುತ್ತದೆ. ಹಿಮಾಚಲ ಪ್ರದೇಶದ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ವಾರ್ಷಿಕ ಸಂಚಯ ಮತ್ತು ಕ್ಷಯಗಳನ್ನು ನೆಲದ ಮೇಲೆಯೇ ಅಳೆಯಲಾಗುತ್ತಿದೆ. ಧ್ರುವಪ್ರದೇಶಗಳ ಅಧ್ಯಯನಕ್ಕಾಗಿ ಭಾರತವು ಅಂಟಾರ್ಕ್ಟಿಕದಲ್ಲಿ ಮೈತ್ರಿ ಮತ್ತು ಭಾರತಿ ಕೇಂದ್ರಗಳನ್ನೂ, 2008ರಲ್ಲಿ ಉತ್ತರ ಧ್ರುವವಲಯದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದಲ್ಲಿ ಹಿಮಾದ್ರಿ ಕೇಂದ್ರವನ್ನೂ ಸ್ಥಾಪಿಸಿತು. ಮಾದರಿಗಳು ಎಷ್ಟೇ ಸೂಕ್ಷ್ಮವಾಗಿದ್ದರೂ ಇಂತಹ ಪ್ರತ್ಯಕ್ಷ ಮಾಪನಗಳಿಲ್ಲದೆ ಅವು ಕೇವಲ ಊಹೆಗಳಾಗುತ್ತವೆ.

ಹಿಮಹೊದಿಕೆಗಳ ಗಣಿತವು ಕಲಿಸುವ ಪಾಠವನ್ನು ಹೀಗೆ ಸಂಗ್ರಹಿಸಬಹುದು. ಹಿಮಹೊದಿಕೆಯು ಹವಾಗುಣದೊಡನೆ ಉಷ್ಣಮಾಪಕದ ಪಾದರಸದಂತೆ ಏರಿಳಿಯುವ ವಸ್ತುವಲ್ಲ. ಅದು ಸಹಸ್ರಾರು ವರ್ಷಗಳ ಹಿಮಪಾತದಿಂದ ಸಂಪಾದಿಸಿದ ಎತ್ತರವನ್ನು ಆಧರಿಸಿ ನಿಂತಿದೆ. ಆ ಎತ್ತರವು ಉಳಿದಿರುವವರೆಗೆ ಅದನ್ನು ಕಾಪಾಡಲು ಸಾಧ್ಯ. ಅದು ಕಳೆದುಹೋದ ಮೇಲೆ ಹವಾಗುಣವನ್ನು ಮೊದಲಿನ ಸ್ಥಿತಿಗೆ ತಂದರೂ ಮಂಜುಗಡ್ಡೆಯು ಮೊದಲಿನ ಸ್ಥಿತಿಗೆ ಬರುವುದಿಲ್ಲ. ಉಷ್ಣತೆಯ ಏರಿಕೆಯನ್ನು ತಡೆಯುವ ಕಾರ್ಯವನ್ನು ಮುಂದಿನ ಪೀಳಿಗೆಗೆ ಬಿಡದೆ ಈಗಲೇ ಕೈಗೊಳ್ಳಬೇಕೆಂಬ ಸಲಹೆಗೆ ಇದೇ ಆಧಾರವಾಗಿದೆ.